ಟಿಕೆಟ್ಟಿಲ್ಲದ ಊರುಭಂಗ: ನನ್ನ ಅನುಭವ

ತೊಡೆ ಮುರಿದು ಬಿದ್ದ ದುರ್ಯೋಧನನ ಕೊನೆಯ ಗಳಿಗೆಗಳನ್ನು ಹೇಳುವ, ಭಾಸನ ‘ಊರುಭಂಗ’ (ಊರು ಎಂದರೆ ತೊಡೆ) ನಾಟಕವನ್ನು ತುಮಕೂರು ಸೀಮೆಯ ಹಳ್ಳಿಗಳಲ್ಲಿ ಉಚಿತವಾಗಿ ಆಡುತ್ತೇವೆ ಎಂದಾಗ ನಮ್ಮ ಹವ್ಯಾಸಿ ಗೆಳೆಯರೇ ನಂಬಲಿಲ್ಲ. ರಾತ್ರಿಯಿಡೀ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ನೋಡುವ ಜನಕ್ಕೆ ಒಂದು ಗಂಟೆಯ ಸಂಸ್ಕೃತ ನಾಟಕ ಯಾವ ಮೂಲೆಗೆ ಎಂದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ತಾಲ್ಲೂಕು ಕೇಂದ್ರದ ಸಭಾಂಗಣಕ್ಕೆ ಸುಮಾರು 38,000 ರೂಪಾಯಿ ಸುರಿದೆವು. ಬಂದವರು 20 ಮಂದಿ ಇದ್ದಿರಬೇಕು. ಟಿಕೆಟ್ಟೇನೋ ಇರಲಿಲ್ಲ, ಆದರೆ ಹಳ್ಳಿಗಳ ಕೊನೆಯ ಬಸ್ಸು ಎಂಟಕ್ಕೇ ಹೊರಡುತ್ತಿತ್ತು.

ಮರುವರ್ಷ ನಾಟಕವನ್ನೇ ಊರಿಗೆ ಒಯ್ದೆವು. ದೇವಸ್ಥಾನದ ಮುಂದೆ ಆಡಿದ ರಾತ್ರಿ ಕಾಲೋನಿಯವರು ರಸ್ತೆಯಾಚೆಯೇ ನಿಂತು ನೋಡಿದರು. ಅದನ್ನು ಕಂಡ ಮೇಲೆ ಶಾಲೆಯ ಬಯಲು ಬಿಟ್ಟು ಬೇರೆಲ್ಲೂ ಆಡಿಲ್ಲ. ಇನ್ನೊಂದು ಊರಿನಲ್ಲಿ ಬಲರಾಮ ಕೋಪದಿಂದ ಕುದಿಯುತ್ತಿರುವಾಗಲೇ ಗಂಡಸರೆಲ್ಲ ಎದ್ದು ಹೋದರು. ತ್ರೀ ಫೇಸ್ ಕರೆಂಟು ಬಂದಿತ್ತು, ಮೋಟಾರು ಹಾಕಬೇಕಿತ್ತು. ಈಗ ಲೈನ್‌ಮನ್ನನ್ನು ವಿಚಾರಿಸದೆ ದಿನ ಗೊತ್ತುಮಾಡುವುದಿಲ್ಲ. ಜನ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಏಳೂವರೆಗೆ ಆರಂಭಿಸುತ್ತೇವೆ.

ಆರಂಭದಲ್ಲಿ ಮೂವರು ಭಟರು ರಣರಂಗವನ್ನು ಬಣ್ಣಿಸುವ ಪದ್ಯಗಳನ್ನು ಗದ್ಯದಲ್ಲಿ ಹೇಳಿಸಿದಾಗ ಜನ ಆಕಳಿಸಿದರು. ಕೊನೆಗೆ ಹಿರಿಯ ಡ್ರಾಮಾ ಮೇಷ್ಟ್ರೊಬ್ಬರ ಹಾರ್ಮೋನಿಯಂ ಪಕ್ಕ ಕುಳಿತು, ಅವುಗಳ ಕನ್ನಡ ರೂಪವನ್ನು ಕುರುಕ್ಷೇತ್ರದ ಮಟ್ಟುಗಳಿಗೆ ಹೊಂದಿಸಿದೆವು. ಯಾವ ಪದ್ಯಕ್ಕೆ ಯಾವ ಮಟ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ಹಿಡಿದ ಕೆಲಸವದು. ನಡುವೆ ಭಾಸನದೇ ಇನ್ನೊಂದು ನಾಟಕ ‘ಮಧ್ಯಮವ್ಯಾಯೋಗ’ವನ್ನು ಶಾಲಾ ಮಕ್ಕಳಿಗೆ ಆಡಿ ನೋಡಿದೆವು. ಸೋಮನ ಕುಣಿತದ ಮಾದರಿಯಲ್ಲಿ ಘಟೋತ್ಕಚನಿಗೆ ಮುಖವಾಡ ಮಾಡಿಸಿದ್ದು ಚೆಂದ ಕಂಡರೂ ಒಳಗಿನ ಮಾತು ಎರಡನೆಯ ಸಾಲಿಗೂ ಕೇಳಿಸದೆ ಅದನ್ನು ಕೈಬಿಟ್ಟೆವು.

ಪ್ರದರ್ಶನವೊಂದಕ್ಕೆ ಈಗ 14,000 ರೂಪಾಯಿಯಷ್ಟು ತಗಲುತ್ತದೆ. ಬಾಡಿಗೆ ಸೀನರಿ ಬಿಟ್ಟು ಕಪ್ಪು ಬಟ್ಟೆಯೊಂದನ್ನೇ ಕಟ್ಟಿದ್ದರಿಂದ ಆರೇಳು ಸಾವಿರ ಉಳಿಯಿತು. ಪ್ರಾಯೋಜಕರೊಬ್ಬರು ಒಪ್ಪಿಕೊಂಡಿದ್ದ ಹಣ ಬಾರದ ವರ್ಷ ನನ್ನ ಹೆಂಡತಿಯ ಓಲೆ ಗಿರವಿಗೆ ಹೋಯಿತು. ಅದನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಅಂದಿನಿಂದ ಯಾರ ಹಣವನ್ನೂ ನೆಚ್ಚಿಲ್ಲ. ಊಟ, ಕರೆಂಟು, ಜಮಖಾನ ಊರಿನವು. ಸುಗ್ಗಿ ಮುಗಿದ ಮೇಲೆ ಅವರವರ ಮನಸ್ಸಿಗೆ ಬಂದಷ್ಟು ದವಸ ಕೊಡುತ್ತಾರೆ. ಕಳೆದ ಸಲ 11 ಮೂಟೆ ರಾಗಿ, 600 ತೆಂಗಿನಕಾಯಿ ಬಂದವು. ಕೊಡದ ಮನೆಗಳ ಪಟ್ಟಿಯನ್ನು ನಾವು ಇಡುವುದಿಲ್ಲ.

ದುರ್ಯೋಧನನ ಮಗ ದುರ್ಜಯನ ಪಾತ್ರಕ್ಕೆ ಆಯಾ ಊರಿನ ಹುಡುಗನನ್ನೇ ಎರಡು ದಿನ ಮುಂಚೆ ತಾಲೀಮು ಮಾಡಿಸಿ ನಿಲ್ಲಿಸುತ್ತೇವೆ. ಒಂದೂರಿನಲ್ಲಿ ಆ ಮಗು, ತೊಡೆ ಮುರಿದು ಬಿದ್ದಿದ್ದ ಅಪ್ಪನ ಮಡಿಲೇರಲು ಓಡಿಬಂದಾಗ ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಕೈ ಚಾಚಿ, ‘ಬ್ಯಾಡ ಕಣಪ್ಪ, ಅಲ್ಲಿ ಕೂರಬ್ಯಾಡ’ ಎಂದು ಕೂಗಿಬಿಟ್ಟರು. ಬಯಲಿನಲ್ಲಿದ್ದ ಮುನ್ನೂರು ಜನರಲ್ಲಿ ಒಬ್ಬರೂ ನಗಲಿಲ್ಲ.

ಆ ಊರಿನಲ್ಲಿ 30,000 ರೂಪಾಯಿ ಕಟ್ಟಿ ಕುರುಕ್ಷೇತ್ರದ ದುರ್ಯೋಧನನ ಪಾತ್ರ ಮಾಡಿದ್ದ ರೈತರೊಬ್ಬರು ನಾಟಕ ಮುಗಿದ ಮೇಲೆ ಬಂದು, ‘ಈ ದುರ್ಯೋಧನನ್ನೂ ನಂಗೆ ಕಲಿಸ್ಕೊಡಿ ಸಾರ್’ ಎಂದರು. ಆಮೇಲಿನ ನಲವತ್ತು ಚಿಲ್ಲರೆ ಪ್ರದರ್ಶನಗಳಲ್ಲಿ ಆ ಪಾತ್ರ ಅವರದೇ.