ವಿಂಡೋಸ್ ಎಕ್ಸ್‌ಪಿಯಿಂದ ವಿಂಡೋಸ್ 11ಕ್ಕೆ ಫೈಲ್ ದಾಟಿಸಿದ ನನ್ನ ಅನುಭವ

"ಆ ಹಳೇ ಎಕ್ಸ್‌ಪಿ ಡಬ್ಬಾ ಬಿಸಾಕು" ಅಂತ ನನಗೆ ಹೇಳದವರೇ ಇಲ್ಲ. ಆದರೆ ನನ್ನ ನೆಗೆಟಿವ್ ಸ್ಕ್ಯಾನರ್‌ನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಎಕ್ಸ್‌ಪಿಗೇ ನಿಂತುಹೋಗಿದೆ. ಸ್ಕ್ಯಾನರ್ ಬಿಟ್ಟರೆ ಅಪ್ಪ ತೆಗೆದ ಫೋಟೋಗಳು ಡಬ್ಬದಲ್ಲೇ ಉಳಿಯುತ್ತವೆ. ನಾನು ಎರಡನ್ನೂ ಬಿಡಲಿಲ್ಲ. ಈಗ ಎಕ್ಸ್‌ಪಿಯಲ್ಲಿ ಸ್ಕ್ಯಾನ್ ಆದ ಫೈಲ್ ಒಂದೆರಡು ನಿಮಿಷದಲ್ಲಿ ವಿಂಡೋಸ್ 11ರಲ್ಲಿ ತೆರೆಯುತ್ತದೆ.

ಮೊದಲು ಪೆನ್‌ಡ್ರೈವ್ ಹಿಡಿದು ಓಡಾಡಿದೆ. ಆ ಕಂಪ್ಯೂಟರ್‌ನ ಯುಎಸ್‌ಬಿ 1.1ರಲ್ಲಿ ಒಂದು ಜಿಬಿ ಹೋಗಲು ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಎಸ್‌ಎಂಬಿ1 ಅಂದರೆ ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳಲು ಎಕ್ಸ್‌ಪಿ ಬಳಸುವ ಹಳೇ ಭಾಷೆ, ವಿಂಡೋಸ್ 11ರಲ್ಲಿ ಅದಕ್ಕೆ ಟಿಕ್ ಹಾಕಿದೆ. ತಕ್ಷಣ ಕೆಲಸ ಮಾಡಿತು! ಒಂದು ತಿಂಗಳು ಸ್ಕ್ಯಾನಿಂಗ್‌ಗೆ ಬಿಡುವಾಗಲಿಲ್ಲ. ಮತ್ತೆ ಕೂತಾಗ ಶೇರ್ (ಹಂಚಿಕೊಂಡ ಫೋಲ್ಡರ್) ಮಾಯ. ಎಸ್‌ಎಂಬಿ1 ಅನ್ನು 15 ದಿನ ಬಳಸದಿದ್ದರೆ ವಿಂಡೋಸ್ ತಾನೇ ತೆಗೆದುಹಾಕುತ್ತದೆ, ಅದು ನನಗೆ ಆಗ ಗೊತ್ತಿರಲಿಲ್ಲ. ಮತ್ತೆ ಹಾಕಬಹುದಿತ್ತು. ಆದರೆ 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವಾನ್ನಾಕ್ರೈ ವೈರಸ್ ಹರಡಿದ್ದು ಇದೇ ಎಸ್‌ಎಂಬಿ1ರ ತೂತಿನಿಂದ ಅಲ್ವಾ? ನನ್ನ ಮುಖ್ಯ ಕಂಪ್ಯೂಟರ್‌ನಲ್ಲಿ ಅದು ಬೇಡ ಅನ್ನಿಸಿತು.

ದುಡ್ಡು ಹೋಗಿದ್ದು ಆಮೇಲೆ. ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ ಒಂದನ್ನು ಕೊಂಡೆ. ಅದರಲ್ಲಿ ಎಸ್‌ಎಂಬಿ1 ಇರಲೇ ಇಲ್ಲ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಒಂದು ಒಳ್ಳೆ ಹಾರ್ಡ್‌ಡಿಸ್ಕ್‌ನ ದುಡ್ಡು ಸುಮ್ನೆ ಹೋಯಿತು, ಈಗಲೂ ಹೊಟ್ಟೆ ಉರಿಯುತ್ತದೆ.

ನಡುವೆ ಫೈಲ್ ಕಳಿಸುವ ಇನ್ನೊಂದು ಹಳೇ ದಾರಿ, ಎಫ್‌ಟಿಪಿಯನ್ನೂ ನೋಡಿದೆ. ವೇಗ ಚೆನ್ನಾಗಿತ್ತು. ಆದರೆ ಎಕ್ಸ್‌ಪಿಯ ಎಕ್ಸ್‌ಪ್ಲೋರರ್‌ನಿಂದ ಕಳಿಸಿದ ಕನ್ನಡ ಹೆಸರಿನ ಫೈಲ್‌ಗಳೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಬಂದವು. ನಾನು ಪ್ರತಿ ಫೋಟೋಗೂ ಊರು, ವರ್ಷ ಹಾಕಿ ಕನ್ನಡದಲ್ಲೇ ಹೆಸರಿಡುತ್ತೇನೆ. ಅಲ್ಲಿಗೆ ಎಫ್‌ಟಿಪಿ ಮುಗಿಯಿತು.

ಕೊನೆಗೆ ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಅದರಿಂದ ವಿಂಡೋಸ್‌ಗೆ ಫೋಲ್ಡರ್ ಹಂಚುವ ಸಾಂಬಾ ಅನ್ನೋ ಸಾಫ್ಟ್‌ವೇರ್ ಕೂರಿಸಿದೆ. ಇದು ಎಕ್ಸ್‌ಪಿ ಜೊತೆ ಹಳೇ ಭಾಷೆ, 11ರ ಜೊತೆ ಹೊಸ ಎಸ್‌ಎಂಬಿ3, ಎರಡನ್ನೂ ಒಟ್ಟಿಗೆ ಮಾತಾಡುತ್ತದೆ. ಒಂದೇ ಫೋಲ್ಡರ್, ಎರಡು ಬಾಗಿಲು. 2019ರ ಸಾಂಬಾ 4.11ರಿಂದ ಎಸ್‌ಎಂಬಿ1 ಮುಚ್ಚಿರುತ್ತದೆ, ಹಾಗಾಗಿ ಅದರ ಸೆಟ್ಟಿಂಗ್‌ನಲ್ಲಿ ಮಿನ್ ಪ್ರೋಟೋಕಾಲ್ ಅನ್ನು ಎನ್‌ಟಿ1 (ಅಂದರೆ ಎಸ್‌ಎಂಬಿ1) ಅಂತ ಬರೆಯಬೇಕು. ಇದು ಎಲ್ಲರಿಗೂ ಗೊತ್ತು.

ನನ್ನ ಮೂರು ರಾತ್ರಿ ತಿಂದದ್ದು ಮುಂದಿನದು. ಎಕ್ಸ್‌ಪಿಯಲ್ಲಿ ಶೇರ್ ಕಾಣುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಸರಿಯಾಗೇ ಹಾಕುತ್ತೇನೆ. ಕಿಟಕಿ ಒಂದು ಕ್ಷಣ ಮುಚ್ಚಿ ಮತ್ತೆ ತೆರೆಯುತ್ತದೆ, ಹೆಸರು ಇದ್ದಹಾಗೇ ಇರುತ್ತದೆ, ಪಾಸ್‌ವರ್ಡ್ ಜಾಗ ಮಾತ್ರ ಖಾಲಿ. ಇಪ್ಪತ್ತು ಸಲವಾದರೂ ಹಾಕಿರಬೇಕು. ಪಾಸ್‌ವರ್ಡ್ ತಪ್ಪಿರಲಿಲ್ಲ. ಪಾಸ್‌ವರ್ಡ್ ಗೊತ್ತಿದೆ ಅಂತ ತೋರಿಸಲು ಎಕ್ಸ್‌ಪಿ ಎನ್‌ಟಿಎಲ್‌ಎಂ ಅನ್ನೋ ಹಳೇ ವಿಧಾನದಲ್ಲಿ ಉತ್ತರ ಕಳಿಸುತ್ತಿತ್ತು, ಸಾಂಬಾ ಅದರ ಹೊಸ ರೂಪ ಎನ್‌ಟಿಎಲ್‌ಎಂ ವಿ2 ಮಾತ್ರ ಒಪ್ಪುತ್ತದೆ. ಇಲ್ಲಿ ಜಾಸ್ತಿ ಜನ ಸಾಂಬಾವನ್ನೇ ಸಡಿಲ ಮಾಡುತ್ತಾರೆ. ನಾನು ಮಾಡಲಿಲ್ಲ. ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಪಟ್ಟಿ) ಎಲ್‌ಎಸ್‌ಎ ಅನ್ನೋ ವಿಭಾಗದ ಕೆಳಗೆ ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್ ಅನ್ನು 3 ಮಾಡಿ ರೀಸ್ಟಾರ್ಟ್ ಕೊಟ್ಟೆ, ಆಗ ಎಕ್ಸ್‌ಪಿಯೂ ವಿ2 ಉತ್ತರವನ್ನೇ ಕಳಿಸುತ್ತದೆ. ಮೊದಲ ಸಲಕ್ಕೇ ಫೋಲ್ಡರ್ ತೆರೆಯಿತು. ರಾತ್ರಿ ಎರಡು ಗಂಟೆ ಆಗಿತ್ತು, ಮನೆಯವರನ್ನು ಎಬ್ಬಿಸಿ ತೋರಿಸಿದೆ. ಕನ್ನಡ ಹೆಸರುಗಳು ಒಂದಕ್ಷರ ಕೆಡದೆ ಬಂದಿದ್ದವು.

ಎಕ್ಸ್‌ಪಿಗೆ ಐಪಿಯನ್ನು (ನೆಟ್‌ವರ್ಕ್ ವಿಳಾಸ) ಕೈಯಿಂದಲೇ ಕೊಟ್ಟು ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಿನ ವಿಳಾಸ, ಖಾಲಿ ಬಿಟ್ಟಿದ್ದೇನೆ. ಮನೆಯೊಳಗೆ ಮಾತಾಡುತ್ತದೆ, ಇಂಟರ್ನೆಟ್‌ಗೆ ಹೋಗಲು ದಾರಿಯೇ ಇಲ್ಲ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಕಡೆ ಹೋಗಬೇಡಿ, ನನ್ನ 11 ಅದನ್ನು ತೆರೆಯಲೇ ಇಲ್ಲ.

ಇನ್ನೊಂದು ಕಾಟ ಇತ್ತು. ಎಕ್ಸ್‌ಪಿ ಬೋರ್ಡ್‌ನ ಸೆಲ್ ಸತ್ತು ದಿನಾಂಕ 2002ಕ್ಕೆ ಹೋಗಿತ್ತು. ಹೊಸ ಸ್ಕ್ಯಾನ್‌ಗಳನ್ನು ಬ್ಯಾಕಪ್ ಹಳೆಯವು ಅಂದುಕೊಂಡು ಬಿಟ್ಟುಬಿಡುತ್ತಿತ್ತು. ಸೆಲ್ ಬದಲಿಸಿದ ಮೇಲೆ ಸರಿಹೋಯಿತು. ಆ ಡಿಸ್ಕ್ ಪೆಟ್ಟಿಗೆ ಬಿಟ್ಟರೆ ಒಟ್ಟು ಖರ್ಚು ಒಂದು ಬಟನ್ ಸೆಲ್, ಒಂದು ಕೇಬಲ್.

ಹಳೇ 100 ಎಂಬಿಪಿಎಸ್ ಕಾರ್ಡ್‌ನಲ್ಲಿ ಸೆಕೆಂಡಿಗೆ ಹತ್ತು, ಹನ್ನೊಂದು ಎಂಬಿ ಸಿಗುತ್ತದೆ. ಮೂವತ್ತು ಜಿಬಿ ದಾಟಲು ಮುಕ್ಕಾಲು ಗಂಟೆ, ಸ್ವಲ್ಪ ಹೆಚ್ಚು ಕಡಿಮೆ. ಬಂದ ಫೈಲ್ ಪೂರ್ತಿ ಬಂದಿದೆಯೋ ಇಲ್ಲವೋ ಅಂತ ನೋಡಿ ಲ್ಯಾಪ್‌ಟಾಪ್ ತಾನೇ ವರ್ಷದ ಫೋಲ್ಡರ್‌ಗೆ ಹಾಕುತ್ತದೆ. ಆ ಸ್ಕ್ರಿಪ್ಟ್ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇನ್ನು ಸುಮಾರು ನಲವತ್ತು ರೋಲ್ ಬಾಕಿ ಇವೆ.