ಇಂಗ್ಲೆಂಡಿನಲ್ಲಿ ಕಿಡ್ನಿ ಸ್ಕ್ಯಾನ್: ರಕ್ತದ ಹರಿವನ್ನು ಸೂಜಿಯಿಲ್ಲದೆ ಅಳೆಯುವುದು ಹೇಗೆ?

ನಮ್ಮೂರಲ್ಲಾದರೆ ಅನುಮಾನ ಬಂದ ದಿನವೇ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ, ಸಂಜೆಗೆ ರಿಪೋರ್ಟ್ ಹಿಡಿದು ಬರಬಹುದು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಎಲ್ಲವೂ ಜಿಪಿಯಿಂದಲೇ, ಅಂದರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರಿಂದಲೇ ಶುರು. ಜಿಪಿ ಮೊದಲು ನೋಡುವುದು ಎರಡನ್ನು: ರಕ್ತಪರೀಕ್ಷೆಯಲ್ಲಿ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಂದಾಜು), ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್. ಇಜಿಎಫ್‌ಆರ್ 60ಕ್ಕಿಂತ ಕಡಿಮೆಯಾಗಿ 3 ತಿಂಗಳಿಗಿಂತ ಜಾಸ್ತಿ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಹಾಗಾಗಿ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರೆ ಬೇಸರ ಪಡಬೇಡಿ. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಎರಡೂ ಆಗಬೇಕು. ಮೂತ್ರದ ಬಾಟಲಿ ಕೊಡದಿದ್ದರೆ ನೀವೇ ಕೇಳಿ. ದಯವಿಟ್ಟು ಕೇಳಿ.

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಕಿಡ್ನಿಯ ರಕ್ತನಾಳ ಕಿರಿದಾಗಿದೆ ಎಂಬ ಅನುಮಾನ ಬಂದರೆ ಡಾಪ್ಲರ್ ಅಲ್ಟ್ರಾಸೌಂಡ್ ಮಾಡಿಸಬಹುದು. ಹರಿಯುವ ರಕ್ತಕಣಗಳಿಗೆ ತಾಗಿ ವಾಪಸು ಬರುವ ಶಬ್ದದಿಂದ ವೇಗ ತಿಳಿಯುತ್ತದೆ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದ್ದರೆ ಚಿತ್ರ ಸರಿಯಾಗಿ ಕಾಣುವುದಿಲ್ಲ. ಉಪವಾಸ ಬರಬೇಕೇ ಎಂದು ಆಸ್ಪತ್ರೆಯಿಂದ ಬಂದ ಪತ್ರದಲ್ಲಿ ನೋಡಿಕೊಳ್ಳಿ.

ಡಾಪ್ಲರ್ ಮುಖ್ಯವಾಗಿ ನಾಳದೊಳಗಿನ ವೇಗ ಹೇಳುತ್ತದೆ. ಕಿಡ್ನಿಯ ಮಾಂಸಕ್ಕೆ ಎಷ್ಟು ರಕ್ತ ಇಳಿಯಿತು ಎಂದು ಅಳೆಯಲು ಎಂಆರ್‌ಐನಲ್ಲಿ ಒಂದು ಸೊಗಸಾದ ದಾರಿಯಿದೆ. ಹೆಸರು ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್. ಕಾಲುವೆಯ ನೀರಿಗೆ ಬಣ್ಣ ಹಾಕಿ, ಯಾವ ಗದ್ದೆಗೆ ಎಷ್ಟು ಹೋಯಿತು ಎಂದು ನೋಡಿದ ಹಾಗೆ. ಇಲ್ಲಿ ಬಣ್ಣವೂ ಬೇಡ. ರಕ್ತದಲ್ಲಿರುವ ನೀರಿಗೇ ಯಂತ್ರ ಕಾಂತೀಯ ಗುರುತು ಹಾಕುತ್ತದೆ. ಗುರುತಿರುವ ಚಿತ್ರ ಒಂದು, ಇಲ್ಲದ್ದು ಇನ್ನೊಂದು. ಎರಡರ ವ್ಯತ್ಯಾಸವೇ ಹರಿದು ಬಂದ ರಕ್ತ. ಆ ವ್ಯತ್ಯಾಸ ತೀರಾ ಸಣ್ಣದು, ಗುರುತೂ ಕೆಲವೇ ಸೆಕೆಂಡುಗಳಲ್ಲಿ ಅಳಿಸಿಹೋಗುತ್ತದೆ. ಅದಕ್ಕೇ ಚಿತ್ರಗಳನ್ನು ಹಲವು ಸಲ ತೆಗೆಯುತ್ತಾರೆ. ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ ಇದಕ್ಕೆ ಬೇಕಿಲ್ಲ. ಕಿಡ್ನಿ ತೀರಾ ಸೋತವರಿಗೆ ಆ ಇಂಜೆಕ್ಷನ್ ಅಪಾಯವಾಗಬಹುದು, ಹಾಗಾಗಿ ಇದು ದೊಡ್ಡ ನೆಮ್ಮದಿ ಅಲ್ವಾ?

ಆದರೆ ಜಿಪಿಯನ್ನು ಕೇಳಿದರೆ ಇದು ಸಿಗುವುದಿಲ್ಲ. ಈಗಲೂ ಹೆಚ್ಚಾಗಿ ಸಂಶೋಧನೆಯಲ್ಲೇ ಬಳಕೆ. ಎಂಆರ್‌ಐಗಾಗಿ 2003ರಲ್ಲಿ ನೊಬೆಲ್ ಪಡೆದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ನಡೆಯುತ್ತಿದೆ. ಕಿಡ್ನಿ ಕ್ಲಿನಿಕ್‌ನಲ್ಲಿ ಇಂಥ ಸಂಶೋಧನೆಗೆ ಕರೆದರೆ ಒಪ್ಪಲೇಬೇಕೆಂದಿಲ್ಲ. ಒಪ್ಪಿದ ಮೇಲೂ ಕಾರಣ ಹೇಳದೆ ಹೊರಬರಬಹುದು. ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ. ನನ್ನ ಮಾತು ಕೇಳಿದರೆ, ಆರೋಗ್ಯ ಅನುಮತಿಸಿದರೆ ಒಪ್ಪಿಕೊಳ್ಳಿ. ದಕ್ಷಿಣ ಏಷ್ಯಾದವರಲ್ಲಿ ಕಿಡ್ನಿ ವೈಫಲ್ಯ ಜಾಸ್ತಿ. ನಮ್ಮವರ ಅಳತೆಗಳೂ ಆ ಲೆಕ್ಕದಲ್ಲಿ ಇರಬೇಕು.

ಎಂಆರ್‌ಐಗೆ ಹೋಗುವಾಗ ತಾಳಿ, ಕಾಲುಂಗುರ, ಮೂಗುತಿ ತೆಗೆಯಬೇಕಾಗುತ್ತದೆ. ಅಮ್ಮನಿಗೆ ಮನೆಯಲ್ಲೇ ಮೆಲ್ಲಗೆ ಹೇಳಿ ಒಪ್ಪಿಸಿ. ಬಿಗಿಯಾದ ಬಳೆ ಬರದಿದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ. ಕನ್ನಡ ಇಂಟರ್ಪ್ರಿಟರ್ ಬೇಕಿದ್ದರೂ ಆಗಲೇ ಕೇಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.