ತಾಯಿ ಗೊತ್ತು, ತಂದೆ ಗಾಳಿ: ಗಾಳಿಮರದ ಡಿಎನ್‌ಎ ಓದಲು ಹೋದ ನನ್ನ ಅನುಭವ

ಪಡುಬಿದ್ರಿಯಿಂದ ಸ್ವಲ್ಪ ಆಚೆ, ಕಡಲಿಗೆ ತಾಗಿದ ಹೊಯ್ಗೆ ಜಾಗದಲ್ಲಿ ನಮ್ಮದೊಂದು ಪ್ರಯೋಗದ ತೋಟ ಉಂಟು. ತೋಟ ಅಂದ ಕೂಡಲೇ ಅಡಿಕೆ, ತೆಂಗು ನೆನಪಾಗುತ್ತದೆ, ಅಲ್ವಾ? ಇಲ್ಲಿರುವುದು ಬರೀ ಗಾಳಿಮರ, ಅಂದರೆ ಸರ್ವೆ ಮರ. 40 ತಾಯಿಮರಗಳ ಬೀಜ, ಒಂದೊಂದರಿಂದ 15 ಗಿಡ, ಒಟ್ಟು 600. ಚಪ್ಪರದ ಕಂಬಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ, ಕಾಗದದ ಕಾರ್ಖಾನೆಗೆ ಹೋಗುವ ಮರ ಇದು. ನೆಟ್ಟಗೆ ಬೆಳೆಯಬೇಕು, ಬೇಗ ದಪ್ಪ ಆಗಬೇಕು, ನಮ್ಮ ಆಸೆ ಅಷ್ಟೇ. ಯಾವ ಗಿಡ ಹಾಗೆ ಬೆಳೆಯುತ್ತದೆ ಅಂತ ನರ್ಸರಿಯಲ್ಲಿರುವಾಗಲೇ ಡಿಎನ್‌ಎ ನೋಡಿ ಹೇಳಬಹುದಾ? ಅದನ್ನು ನೋಡಲು ಹೋಗಿ ಏನೇನು ಪಾಡು ಪಟ್ಟೆ ಅಂತ ಬರೆಯುತ್ತಿದ್ದೇನೆ.

ಇದರ ಹೆಸರು ಜೀನೋಮಿಕ್ ಸೆಲೆಕ್ಷನ್. 2001ರಲ್ಲಿ ಮ್ಯೂವಿಸನ್, ಹೇಯ್ಸ್, ಗೊಡಾರ್ಡ್ ಅಂತ ಮೂವರು ಇದರ ಲೆಕ್ಕ ಬರೆದರು. ದೊಡ್ಡದಾಗಿ ಬಳಕೆಗೆ ಬಂದದ್ದು ಮೊದಲು ದನಗಳಲ್ಲಿ. ಹೋರಿ ಹಾಲು ಕೊಡುವುದಿಲ್ಲ. ಅದರ ಮಗಳು ಹುಟ್ಟಿ, ಬೆಳೆದು, ಕರು ಹಾಕಿ, ಹಾಲು ಕರೆದು ನೋಡಿದ ಮೇಲೆಯೇ ಆ ಹೋರಿಯ ಬೆಲೆ ಗೊತ್ತಾಗುವುದು. ಅಷ್ಟೊತ್ತಿಗೆ ವರ್ಷಗಳೇ ಹೋಗಿರುತ್ತವೆ. ಅಮೆರಿಕದಲ್ಲಿ 2009ರಿಂದ ಹೋಲ್‌ಸ್ಟೀನ್ ತಳಿಗೆ ಕರುವಾಗಿದ್ದಾಗಲೇ ಡಿಎನ್‌ಎ ನೋಡಿ ಅಧಿಕೃತವಾಗಿ ಅಂದಾಜು ಕೊಡಲು ಶುರು ಮಾಡಿದರು. ಮರದವರ ಕಷ್ಟವೂ ಅದೇ, ಇನ್ನೂ ಜಾಸ್ತಿ. ಗಿಡ ನೆಟ್ಟು, ಬೆಳೆಸಿ, ಅಳೆದು, ಒಳ್ಳೆಯದನ್ನು ಆರಿಸುವಾಗ ನೆಟ್ಟವರಿಗೆ ಟ್ರಾನ್ಸ್‌ಫರ್ ಆಗಿರುತ್ತದೆ.

ಮಾಡುವುದು ಹೀಗೆ. ಡಿಎನ್‌ಎಯಲ್ಲಿ ಮರದಿಂದ ಮರಕ್ಕೆ ಒಂದಕ್ಷರ ಬೇರೆ ಇರುವ ಸಾವಿರಾರು ಜಾಗ ಹುಡುಕುತ್ತೇವೆ. ಅವೇ ಮಾರ್ಕರ್. ಬೆಳೆದ ಮರಗಳ ಅಳತೆಯನ್ನೂ ಮಾರ್ಕರನ್ನೂ ಜೊತೆಗಿಟ್ಟು ಒಂದು ಮಾಡೆಲ್ ಕಟ್ಟುತ್ತೇವೆ. ದಪ್ಪ ಆಗುವುದಕ್ಕೆ ಒಂದೇ ಒಂದು ಜೀನ್ ಅಂತ ಇಲ್ಲ. ಸಾವಿರ ಕಡೆಯಿಂದ ಚೂರು ಚೂರು ಬಂದು ಸೇರುತ್ತದೆ, ಮಾಡೆಲ್ ಅದನ್ನೆಲ್ಲ ಕೂಡಿಸುತ್ತದೆ. ಆಮೇಲೆ ಕೆಲವು ತಿಂಗಳ ಸಸಿಯ ಡಿಎನ್‌ಎ ಕೊಟ್ಟರೂ ಸಾಕು, ಇದು ಹೇಗೆ ಬರಬಹುದು ಅಂತ ಒಂದು ಅಂಕ ಕೊಡುತ್ತದೆ.

ಗಾಳಿಮರ ಯಾಕೆ ಅಂತ ಕೇಳಿದರೆ, ಜಾಗ ಇತ್ತು, ಮರ ಇತ್ತು, ಅದಕ್ಕೆ. ನ್ಯಾಯವಾಗಿ ಹೇಳಬೇಕಾದರೆ ಈ ವಿಧಾನದಿಂದ ಹೆಚ್ಚು ಲಾಭ ಆಗಬೇಕಾದದ್ದು ತೇಗದಂಥ ನಿಧಾನದ ಮರಕ್ಕೆ. ಗಾಳಿಮರ ಎರಡು ಮೂರು ವರ್ಷಕ್ಕೆಲ್ಲ ಹೂ ಬಿಡುತ್ತದೆ, ನಾಲ್ಕೈದು ವರ್ಷಕ್ಕೆ ಕಡಿಯುತ್ತಾರೆ, ಉಳಿಸುವ ಸಮಯವೇ ಕಡಿಮೆ. ಆದರೆ ಒಂದು ಅನುಕೂಲ ಉಂಟು. ಇದರ ಜೀನೋಮ್, ಅಂದರೆ ಇಡೀ ಡಿಎನ್‌ಎ, ಸಣ್ಣದು, ಸುಮಾರು 30 ಕೋಟಿ ಅಕ್ಷರ. ಮನುಷ್ಯನದ್ದು 300 ಕೋಟಿ. ಅಮೆರಿಕದ ಲಾಬ್ಲಾಲಿ ಪೈನ್ ಮರದ್ದು 2,200 ಕೋಟಿ ಹತ್ತಿರ, ಅದನ್ನು ಓದಿದವರಿಗೆ ಕೈಮುಗಿಯಬೇಕು.

ಇನ್ನೊಂದು ಮಾತು. ಗಾಳಿಮರ ನಮ್ಮ ಕರಾವಳಿಯದ್ದೇ ಅಂತ ನಾನೂ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಅಲ್ಲ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆಯ ಮರ. 1868ರಲ್ಲಿ ಕಾರವಾರದಲ್ಲಿ ನೆಟ್ಟದ್ದು ಭಾರತದಲ್ಲಿ ಮೊದಲು ಅಂತ ಲೆಕ್ಕ. ಹಾಗೆ ಬಂದ ಸ್ವಲ್ಪ ಬೀಜದಿಂದಲೇ ಮತ್ತೆ ಮತ್ತೆ ಬೀಜ ಮಾಡುತ್ತಾ ಹೋದರೆ ಎಲ್ಲವೂ ನೆಂಟರೇ ಆಗಿಬಿಡುತ್ತವೆ. ಅದಕ್ಕೆ ನಮ್ಮ 40 ತಾಯಿಮರಗಳನ್ನು ಬೇರೆ ಬೇರೆ ಕಡೆಯಿಂದ ಆರಿಸಿದ್ದೆವು.

ಮೊದಲ ಪೆಟ್ಟು ಬಿದ್ದದ್ದು ಡಿಎನ್‌ಎ ತೆಗೆಯುವಾಗ. ಗಾಳಿಮರದಲ್ಲಿ ಎಲೆ ಅಂತ ನಾವು ನೋಡುವ ಹಸಿರು ಸೂಜಿ ಎಲೆಯೇ ಅಲ್ಲ, ಅದು ಸಣ್ಣ ಕಡ್ಡಿ. ನಿಜವಾದ ಎಲೆ ಅದರ ಗಂಟುಗಳಲ್ಲಿ ಸಣ್ಣ ಹಲ್ಲಿನ ಹಾಗೆ ಅಂಟಿಕೊಂಡಿರುತ್ತದೆ. ಆ ಸೂಜಿಗಳನ್ನು ಕಿತ್ತು, ಉಪ್ಪು ಹೋಗುವ ಹಾಗೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಜಿಪ್ ಕವರಿನಲ್ಲಿ ಇಟ್ಟೆವು. ಪುಸ್ತಕದಲ್ಲಿ ಇರುವುದೇ ಹಾಗೆ. ಪುಸ್ತಕ ಬರೆದವರು ಜುಲೈ ತಿಂಗಳಲ್ಲಿ ಮಂಗಳೂರಿಗೆ ಬಂದಿರಲಿಕ್ಕಿಲ್ಲ. ಒಣಗಿದ ಸಿಲಿಕಾ ನೀಲಿ ಇರುತ್ತದೆ, ತೇವ ಹೀರಿದರೆ ಗುಲಾಬಿ ಆಗುತ್ತದೆ. ಸಂಜೆ ಇಟ್ಟದ್ದು ಬೆಳಿಗ್ಗೆ ನೋಡಿದರೆ ಎಲ್ಲಾ ಕವರ್ ಗುಲಾಬಿ. ಒಳಗೆ ಸೂಜಿ ಕಪ್ಪಾಗಿತ್ತು.

ಇನ್ನೊಮ್ಮೆ ತಂದೆವು. ಈ ಸಲ ಮಳೆ ಬಿಟ್ಟ ಮೇಲೆ. ಅರೆದು, ಜೀವಕೋಶ ಒಡೆದು ಡಿಎನ್‌ಎ ಬಿಡಿಸುವ ಸಿಟಿಎಬಿ ಅನ್ನುವ ದ್ರಾವಣದಲ್ಲಿ 65 ಡಿಗ್ರಿಯಲ್ಲಿ ಇಟ್ಟು, ಕ್ಲೋರೋಫಾರ್ಮ್ ಹಾಕಿ, ಕೊನೆಗೆ ಐಸೋಪ್ರೊಪನಾಲ್ ಹಾಕಿದಾಗ ಬಿಳಿ ನೂಲಿನ ಹಾಗೆ ಡಿಎನ್‌ಎ ಕಾಣಬೇಕು. ನನಗೆ ಕಂಡದ್ದು ಬೆಲ್ಲದ ಪಾಕ. ಈ ಮರದಲ್ಲಿ ಟ್ಯಾನಿನ್ ಅನ್ನುವ ಒಗರು ಅಂಶ ಅಷ್ಟು ಜಾಸ್ತಿ. ಅಳತೆ ಮಾಡುವ ಯಂತ್ರ ಡಿಎನ್‌ಎ ಉಂಟು ಅನ್ನುತ್ತದೆ, ಆದರೆ ಅದನ್ನು ಕತ್ತರಿಸಬೇಕಾದ ಎನ್‌ಜೈಮ್ ಮುಟ್ಟುವುದೇ ಇಲ್ಲ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ಕೆಲಸ ಆದದ್ದು ಮೂರು ಬದಲಾವಣೆಯಿಂದ. ಬಲಿತ ಸೂಜಿ ಬಿಟ್ಟು ತುದಿಯ ಎಳೆಯದನ್ನು ಮಾತ್ರ ತಂದೆವು, ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿ ಪುಡಿ ಜಾಸ್ತಿ ಹಾಕಿದೆವು, ಸಿಟಿಎಬಿಗೆ ಮೊದಲು ಸಾರ್ಬಿಟಾಲ್ ದ್ರಾವಣದಲ್ಲಿ ಎರಡು ಸಲ ತೊಳೆದೆವು. ಸಾರ್ಬಿಟಾಲ್ ಸಲಹೆ ಮಾವಿನ ಕೆಲಸ ಮಾಡುವ ಒಬ್ಬ ಗೆಳತಿಯದ್ದು. ಅದಿಲ್ಲದಿದ್ದರೆ ನಾನು ಈಗಲೂ ಬೆಲ್ಲ ಕಾಯಿಸುತ್ತಾ ಇರುತ್ತಿದ್ದೆ.

ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರ ಓದುವ ಕೆಲಸ, ಹೊರಗೆ ಮಾಡಿಸಿದೆವು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ದುಡ್ಡು ಕೊಟ್ಟೆವು, ಫೈಲ್ ಬಂತು.

ಆ ಫೈಲ್ ತೆರೆದ ದಿನ ನನಗೆ ಈಗಲೂ ನೆನಪುಂಟು. ಮಾಡೆಲ್ ಕಟ್ಟುವ ಮೊದಲು ಮರಗಳ ನಡುವೆ ನೆಂಟಸ್ತಿಕೆ ಎಷ್ಟು ಅಂತ ಮಾರ್ಕರ್‌ಗಳಿಂದ ಒಂದು ಪಟ್ಟಿ ಮಾಡುತ್ತೇವೆ. ನಮ್ಮ ನೋಟ್‌ಬುಕ್ಕಿನಲ್ಲಿ ಇದ್ದದ್ದು ತಾಯಿಯ ಹೆಸರು ಮಾತ್ರ. ಗಾಳಿಮರದ ಪರಾಗ ಗಾಳಿಯಲ್ಲಿ ಬರುತ್ತದೆ, ತಂದೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ತುಳುನಾಡಿನ ಅಳಿಯಸಂತಾನದ ಹಾಗೆ, ಲೆಕ್ಕ ಎಲ್ಲಾ ತಾಯಿ ಕಡೆಯದ್ದೇ. ಹಾಗಾಗಿ ಒಂದೇ ತಾಯಿಯ ಎರಡು ಗಿಡಗಳ ನಡುವೆ ಸುಮಾರು 0.25 ಬರಬೇಕು. ತಂದೆಯೂ ಒಂದೇ ಆದರೆ 0.5. ತನ್ನದೇ ಪರಾಗದಿಂದ ಹುಟ್ಟಿದ್ದಾದರೆ ಇನ್ನೂ ಮೇಲೆ. ಈ ಮರದಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿ ಇರುವುದು ಸಾಮಾನ್ಯ, ಹಾಗಾಗಿ ಅದೂ ಆಗುತ್ತದೆ.

ಅದೆಲ್ಲಾ ಕಂಡಿತು. ಜೊತೆಗೆ ಸೊನ್ನೆಯೂ ಕಂಡಿತು. ಕಡಲ ಬದಿಯ ನಾಲ್ಕು ಸಾಲಿನಲ್ಲಿ ಹಲವು ಮರಗಳಿಗೆ ಅಣ್ಣತಮ್ಮಂದಿರ ಜೊತೆ ಸಂಬಂಧವೇ ಇಲ್ಲ. ಆದರೆ ಪಕ್ಕದ ಸಾಲಿನ ಬೇರೆ ತಾಯಿಯ ಮಕ್ಕಳ ಜೊತೆ ಸರಿಯಾಗಿ 0.25. ಲ್ಯಾಬಿನಲ್ಲಿ ಟ್ಯೂಬ್ ಅದಲು ಬದಲಾಗಿದೆ ಅಂತ ನಾನು ಹುಡುಗರ ಮೇಲೆ ರೇಗಿದೆ. ಪಾಪ, ಅವರ ತಪ್ಪಲ್ಲ. ಮರುದಿನ ತೋಟಕ್ಕೆ ಹೋಗಿ ನೋಡಿಕೊಳ್ಳುವ ಅಣ್ಣನ ಹತ್ತಿರ ಕೇಳಿದೆ.

“ಅಣ್ಣ, ಈ ಸಾಲಿನ ನಂಬರ್ ತಗಡು ಯಾರಾದರೂ ಮುಟ್ಟಿದ್ದಾರಾ?”

“ಮುಟ್ಟಿದ್ದು ಎಂತದು ಮೇಡಂ, ಉಪ್ಪು ಗಾಳಿಗೆ ಸರಿಗೆ ತುಕ್ಕು ಹಿಡಿದು ತಗಡೆಲ್ಲ ಹೊಯ್ಗೆಯಲ್ಲಿ ಬಿದ್ದಿತ್ತು. ನಾನೇ ಹೆಕ್ಕಿ ಹತ್ತಿರದ ಮರಕ್ಕೆ ಕಟ್ಟಿದೆ. ನೀವು ಬಂದರೆ ಬೈತೀರಿ ಅಂತ.”

ಅವರಿಗೆ ಎಂತ ಹೇಳುವುದು ಮಾರಾಯ್ರೇ! ಬಿದ್ದದ್ದನ್ನು ಬಿಸಾಡಿದ್ದರೆ ನಮಗೆ ಗೊತ್ತಾಗುತ್ತಿತ್ತು. ಜೋಪಾನ ಮಾಡಿದ್ದರಿಂದಲೇ ಎರಡು ವರ್ಷದ ಅಳತೆ ಯಾರದ್ದೋ ಹೆಸರಿಗೆ ಜಮಾ ಆಗಿತ್ತು. ನನ್ನ ಮಟ್ಟಿಗೆ ಜೀನೋಮಿಕ್ಸ್‌ನಿಂದ ಆದ ಮೊದಲ ಲಾಭ ಒಳ್ಳೆಯ ಮರ ಸಿಕ್ಕಿದ್ದಲ್ಲ, ನಮ್ಮ ನೋಟ್‌ಬುಕ್ ತಿದ್ದಿದ್ದು. ಮಾಡೆಲ್ ಎಂಥದ್ದೇ ಇರಲಿ, ಡಿಎನ್‌ಎ ಒಂದು ಮರದ್ದು, ಅಳತೆ ಇನ್ನೊಂದು ಮರದ್ದು ಆದರೆ ಅದು ಕಲಿಯುವುದು ಬರೀ ಸುಳ್ಳು. ಈಗ ತಗಡಿನ ಜೊತೆ ಕಾಂಡಕ್ಕೆ ಪೇಂಟಿನಲ್ಲೂ ನಂಬರ್ ಬರೆಯುತ್ತೇವೆ, ಸಾಲಿನ ನಕ್ಷೆ ಎರಡು ಕಡೆ ಇಡುತ್ತೇವೆ.

ಅಳತೆಯ ಕಥೆಯೂ ಉಂಟು. ಸುತ್ತಳತೆಗೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಹಿಡಿಯಬೇಕು. ಅದು ಸುಲಭ, ಒಂದು ಕೋಲಿಗೆ ಗುರುತು ಹಾಕಿಕೊಂಡರೆ ಆಯಿತು. ಕಷ್ಟ ಇರುವುದು ನೆಟ್ಟಗೆ ಇದೆಯಾ ಅಂತ ನೋಡುವುದರಲ್ಲಿ. ಅದಕ್ಕೆ ಟೇಪ್ ಇಲ್ಲ, ಕಣ್ಣಂದಾಜಿನಲ್ಲಿ 1ರಿಂದ 5 ಅಂಕ. ಒಂದು ದಿನ ಬೆಳಿಗ್ಗೆ ನೋಡಿದ 30 ಮರಗಳನ್ನೇ, ಹಳೆಯ ಅಂಕ ಮುಚ್ಚಿಟ್ಟು, ಮಧ್ಯಾಹ್ನ ಊಟ ಆದ ಮೇಲೆ ಮತ್ತೆ ನೋಡಿದೆ. ಮಧ್ಯಾಹ್ನದ ಮರಗಳು ಬೆಳಗಿನದಕ್ಕಿಂತ ಡೊಂಕಾಗಿದ್ದವು! ಬಿಸಿಲು, ಬೆವರು, ಕುಚ್ಚಲಕ್ಕಿ ಊಟ, ಯಾವುದರ ತಪ್ಪು ಅಂತ ಹೇಳಲಾರೆ. ಆಮೇಲೆ ಇಬ್ಬರು ಬೇರೆ ಬೇರೆಯಾಗಿ, ಬೆಳಿಗ್ಗೆ ಮಾತ್ರ ನೋಡುವುದು ಅಂತ ಮಾಡಿದೆವು.

ಅಂತೂ ಮಾಡೆಲ್ ಓಡಿಸಿದೆ. ಆ ನೆಂಟಸ್ತಿಕೆಯ ಪಟ್ಟಿಯಿಂದಲೇ ಅಂದಾಜು ಮಾಡುವ ಜಿಬ್ಲಪ್ ಅನ್ನುವ ಸಾದಾ ವಿಧಾನ, ಆರ್ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ. ಕೆಲವು ಮರಗಳನ್ನು ಬಚ್ಚಿಟ್ಟು, ಉಳಿದವುಗಳಿಂದ ಕಲಿಸಿ, ಬಚ್ಚಿಟ್ಟದ್ದನ್ನು ಊಹಿಸುವಂತೆ ಮಾಡಿದೆ. ಫಲಿತಾಂಶ ಎಷ್ಟು ಚೆನ್ನಾಗಿತ್ತು ಅಂದರೆ ನಾನು ಆ ಸಂಜೆ ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ. ರಾತ್ರಿ ಲೆಕ್ಕ ಗೊತ್ತಿರುವ ಗೆಳೆಯನೊಬ್ಬನಿಗೆ ಫೋನ್ ಮಾಡಿದರೆ ಅವನು ಕೇಳಿದ್ದು ಒಂದೇ ಪ್ರಶ್ನೆ, “ಬಚ್ಚಿಟ್ಟ ಮರದ ಅಣ್ಣತಮ್ಮಂದಿರು ಕಲಿಸುವ ಗುಂಪಿನಲ್ಲಿ ಇದ್ದರಾ?” ಇದ್ದರು. ಅಂದರೆ ಮಾಡೆಲ್ ಮನೆತನ ನೋಡಿ ಹೇಳಿತ್ತು, ಮರ ನೋಡಿ ಅಲ್ಲ. ಮನೆತನ ನೋಡಿ ಹೇಳಲು ಡಿಎನ್‌ಎ ಯಾಕೆ, ನೋಟ್‌ಬುಕ್ಕೇ ಸಾಕು. ಒಂದೊಂದು ತಾಯಿಯ ಮಕ್ಕಳನ್ನು ಇಡಿಯಾಗಿ ಹೊರಗಿಟ್ಟು ಮತ್ತೆ ಓಡಿಸಿದೆ. ದೊಪ್ಪಂತ ಬಿತ್ತು. ಐಸ್‌ಕ್ರೀಮ್ ದುಡ್ಡು ದಂಡ.

ಮರ ಯಾವ ಅಡ್ಡಸಾಲು, ಯಾವ ಉದ್ದಸಾಲಿನಲ್ಲಿ ಉಂಟು ಅನ್ನುವುದರ ಪ್ರಭಾವ ಮಾಡೆಲಿಗೆ ಸೇರಿಸಿದ ಮೇಲೆ ಸ್ವಲ್ಪ ಏರಿತು. ಕಡಲಿನ ಎದುರಿನ ಸಾಲಿಗೆ ಉಪ್ಪು ಗಾಳಿ ನೇರ ಬಡಿಯುತ್ತದೆ, ಅಲ್ಲಿ ಯಾವ ತಳಿ ಇಟ್ಟರೂ ಗಿಡ್ಡವೇ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪಾಪದ ಜೀನ್‌ಗಳ ಮೇಲೆ ಗಾಳಿಯ ತಪ್ಪು ಹೊರಿಸಿದ ಹಾಗೆ. ಕಾರ್ಕಳದ ಹತ್ತಿರ ಮುರಕಲ್ಲಿನ ಜಾಗದಲ್ಲಿ ನಮ್ಮದೇ ಇನ್ನೊಂದು ಸಣ್ಣ ತೋಟ ಉಂಟು. ಹೊಯ್ಗೆಯಲ್ಲಿ ಕಲಿತ ಮಾಡೆಲ್ ಅಲ್ಲಿ ಸುಮಾರಾಗಿ ಕೈಕೊಟ್ಟಿತು. ದಪ್ಪದಲ್ಲಿ ಪೂರ್ತಿ ಸೋತಿತು, ನೆಟ್ಟಗಿರುವ ಗುಣದಲ್ಲಿ ಪರವಾಗಿಲ್ಲ. ಒಂದು ಊರಿನ ಮಾಡೆಲನ್ನು ಇನ್ನೊಂದು ಊರಿಗೆ ಹಾಗೇ ಎತ್ತಿಕೊಂಡು ಹೋಗುವವರು ಮೊದಲು ಇದನ್ನು ನೋಡಿಕೊಳ್ಳಿ.

ಹಾಗಾದರೆ ಉಪಯೋಗ ಆಯಿತಾ? ನನ್ನ ಪ್ರಕಾರ ಆಯಿತು, ಅಂದುಕೊಂಡ ಹಾಗೆ ಅಲ್ಲ. ತೋಟದ ಪರೀಕ್ಷೆಯನ್ನು ಬಿಟ್ಟೇಬಿಡಬಹುದು ಅಂತ ಹೊರಟಿದ್ದೆವು, ಅದು ಆಗಲಿಲ್ಲ. ಈಗ ಜರಡಿಯ ಹಾಗೆ ಬಳಸುತ್ತೇವೆ. ಒಳ್ಳೆಯ ಮರಗಳನ್ನು ಕ್ರಾಸ್ ಮಾಡಿ ಬಂದ ಸಸಿಗಳನ್ನು ಮೊದಲು ಎಲ್ಲವನ್ನೂ ನೆಡುತ್ತಿದ್ದೆವು. ಈಗ ಸಸಿ ಬೆಳೆಸುವ ರೂಟ್ ಟ್ರೇನರ್ ಅನ್ನುವ ಪ್ಲಾಸ್ಟಿಕ್ ಗೂಡಿನಲ್ಲಿ ಇರುವಾಗಲೇ ಸೂಜಿ ತೆಗೆದು, ಅಂಕ ನೋಡಿ, ಮೇಲಿನದ್ದನ್ನು ಮಾತ್ರ ನೆಡುತ್ತೇವೆ. ಕುಡಿ ಕತ್ತರಿಸಿ ಬೇರು ಬರಿಸುವುದು ಗಾಳಿಮರದಲ್ಲಿ ಸುಲಭ, ಹಾಗಾಗಿ ಆರಿಸಿದ ಸಸಿಯನ್ನು ಆಗಲೇ ಹತ್ತು ಮಾಡಬಹುದು. ಜಾಗ ಉಳಿಯಿತು, ಕೂಲಿ ಉಳಿಯಿತು, ಮರ ಆರಿಸುವ ಒಂದೊಂದು ಸುತ್ತಿನಲ್ಲಿ ಎರಡು ವರ್ಷ ಉಳಿಯಬಹುದು ಅಂತ ನನ್ನ ಲೆಕ್ಕ. ಪ್ರತಿ ಪೀಳಿಗೆಯಲ್ಲೂ ಮಾರ್ಕರ್ ಮತ್ತು ಜೀನ್ ನಡುವಿನ ನಂಟು ಸಡಿಲ ಆಗುತ್ತಾ ಹೋಗುತ್ತದೆ, ಅದಕ್ಕೆ ಹೊಸ ತೋಟದ ಅಳತೆ ಹಾಕಿ ಮಾಡೆಲನ್ನು ಮತ್ತೆ ಕಲಿಸಬೇಕು. ಟೇಪ್ ಹಿಡಿಯುವ ಕೆಲಸ ತಪ್ಪುವುದಿಲ್ಲ.

ಒಂದು ಜಾಣತನ ಮಾಡಿದ್ದೇನೆ. ಮಾಡೆಲ್ ಬೇಡ ಅಂದ ಸಸಿಗಳಲ್ಲೂ ಸ್ವಲ್ಪ ಚೀಟಿ ಎತ್ತಿ ಆರಿಸಿ, ಒಳ್ಳೆಯವುಗಳ ನಡುನಡುವೆ ನೆಟ್ಟಿದ್ದೇನೆ. ಯಾವುದು ಯಾವುದು ಅಂತ ತೋಟದಲ್ಲಿ ಯಾರಿಗೂ ಹೇಳಿಲ್ಲ. ಅವಕ್ಕೆ ಈಗ ಎರಡನೇ ಮಳೆಗಾಲ ಮುಗಿದಿದೆ. ಕಳೆದ ವಾರ ಅಣ್ಣ ಒಂದು ಗಿಡದ ಎದುರು ನಿಂತು, “ಮೇಡಂ, ಇದು ನೋಡಿ, ಎಷ್ಟು ಚೆಂದ ಬಂದಿದೆ. ಇದೇ ಅಲ್ವಾ ನಿಮ್ಮ ಕಂಪ್ಯೂಟರ್ ಆರಿಸಿದ್ದು?” ಅಂದರು. ಕಾಂಡದ ಮೇಲಿನ ನಂಬರ್ ಬರೆದುಕೊಂಡು ಬಂದು ಪಟ್ಟಿ ನೋಡಿದೆ. ಚೀಟಿ ಎತ್ತಿದ ಗುಂಪಿನದ್ದು, ಅದರಲ್ಲೂ ಕೊನೆಯಿಂದ ಮೂರನೆಯದು. ನಂಬರಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿ ಇಟ್ಟಿದ್ದೇನೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಜನವರಿಯಲ್ಲಿ ಅಳತೆ ಉಂಟು.